ಅಪ್ಪಯ್ಯನ ಜೊತೆ ಲಿಂಕ್ಸ್ ಗಾಲ್ಫ್: ಸ್ಕಾಟ್ಲೆಂಡಿನ ಫೈಫ್ ಕರಾವಳಿಯಾ, ಐರ್ಲೆಂಡಿನ ಕ್ಲೇರ್–ಕೆರ್ರಿ ಕಡೆಯಾ?

ತುಂಗಾತೀರ (ತೀರ್ಥಹಳ್ಳಿ)

ಗಾಲ್ಫ್ ಆಡುವವರು, ಆ ಕಡೆ ಹೋಗಿ ಬಂದವರು ಇದ್ದರೆ ದಯವಿಟ್ಟು ಸ್ವಲ್ಪ ಹೇಳಿ. ಅಪ್ಪಯ್ಯನನ್ನು ಒಮ್ಮೆ ಸಮುದ್ರದ ಪಕ್ಕದ ಲಿಂಕ್ಸ್ ಮೈದಾನದಲ್ಲಿ ಆಡಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಹೋಗುವುದು ನಿಶ್ಚಯ ಆಗಿದೆ. ಎಲ್ಲಿಗೆ ಅನ್ನುವುದೇ ಬಗೆಹರಿಯುತ್ತಿಲ್ಲ.

ಎರಡು ಜಾಗ ನೋಡಿಟ್ಟಿದ್ದೇನೆ. ಒಂದು ಸ್ಕಾಟ್ಲೆಂಡಿನ ಪೂರ್ವಕ್ಕಿರುವ ಫೈಫ್, ಅಂದರೆ ಸೇಂಟ್ ಆಂಡ್ರ್ಯೂಸ್ ಮತ್ತು ಅದರ ಸುತ್ತಲಿನ ಕರಾವಳಿ. ಇನ್ನೊಂದು ಐರ್ಲೆಂಡಿನ ನೈಋತ್ಯ ಮೂಲೆ. ಲಹಿಂಚ್, ಬ್ಯಾಲಿಬನಿಯನ್, ಟ್ರಲೀ, ವಾಟರ್‌ವಿಲ್ ಎಲ್ಲ ಇರುವ ಕ್ಲೇರ್ ಮತ್ತು ಕೆರ್ರಿ ಕೌಂಟಿಗಳು.

ಅಪ್ಪಯ್ಯ ಚಿಕ್ಕಮಗಳೂರಿನ ಗಾಲ್ಫ್ ಕ್ಲಬ್ಬಿನಲ್ಲಿ ಆಡುತ್ತಾ ಬಂದವರು. ತೋಟದಲ್ಲಿ ಕೆಲಸ ಇಲ್ಲದ ದಿನ ಬೆಳಗಾಗುವ ಮೊದಲೇ ಹೊರಟುಬಿಡುತ್ತಿದ್ದರು. ನನಗೂ ಅವರೇ ಕಲಿಸಿದ್ದು. ಈಗ ವಯಸ್ಸು ಎಪ್ಪತ್ತರ ಹತ್ತಿರ. ಚೆಂಡು ಮೊದಲಿನಷ್ಟು ದೂರ ಹೋಗುವುದಿಲ್ಲ, ಆದರೆ ನೇರ ಹೋಗುತ್ತದೆ. ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಹತ್ತಿರ ಅವರ ಕೈ ಇನ್ನೂ ಚೆನ್ನಾಗಿದೆ. ತೊಂದರೆ ಇರುವುದು ಎಡ ಮೊಣಕಾಲಿನದು. ಸಪಾಟು ನೆಲದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ. ಇಳಿಜಾರಿನಲ್ಲಿ ಇಳಿಯುವಾಗ ನೋವು ಬರುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ, ನಡಿಗೆ ನೋಡಿದರೆ ಗೊತ್ತಾಗುತ್ತದೆ.

ಅವರ ಮನಸ್ಸಿನಲ್ಲಿ ಇರುವುದು ಸೇಂಟ್ ಆಂಡ್ರ್ಯೂಸ್. ಟಿವಿಯಲ್ಲಿ ಓಪನ್ (ಬ್ರಿಟನ್ನಿನ ದೊಡ್ಡ ಗಾಲ್ಫ್ ಟೂರ್ನಿ) ಬಂದರೆ ಆ ನಾಲ್ಕು ದಿನ ನಮ್ಮ ಮನೆಯಲ್ಲಿ ಬೇರೆ ಏನೂ ನೋಡುವ ಹಾಗಿಲ್ಲ. ಆದರೆ ನನ್ನ ಅಕ್ಕ, ಭಾವ ಇರುವುದು ಐರ್ಲೆಂಡಿನ ಲಿಮರಿಕ್‌ನಲ್ಲಿ. ಅಲ್ಲಿಂದ ಲಹಿಂಚ್ ಕೂಡ, ಬ್ಯಾಲಿಬನಿಯನ್ ಕೂಡ ಹತ್ತಿರ. ಭಾವನೂ ಆಡುತ್ತಾರೆ. "ಮನೆ ಇರುವಾಗ ಹೋಟೆಲ್ ಯಾಕೆ, ಇಲ್ಲಿಗೇ ಬನ್ನಿ" ಅಂತ ಬಿಡದೆ ಕರೆಯುತ್ತಿದ್ದಾರೆ. ಅವರು ಹೇಳುವುದರಲ್ಲೂ ನ್ಯಾಯ ಇದೆ. ಉಳಿಯುವ ಖರ್ಚು ಉಳಿದರೆ ಇನ್ನೂ ಎರಡು ಮೈದಾನ ಜಾಸ್ತಿ ಆಡಬಹುದು.

ನಮಗೆ ಬಿಡುವು ಸಿಗುವುದು ಜೂನ್‌ನಲ್ಲಿ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಮೊದಲ ಔಷಧಿ ಹೊಡೆಸಿ ಹೊರಟರೆ, ಎರಡನೇ ಔಷಧಿ ಹೊತ್ತಿಗೆ ಅಪ್ಪಯ್ಯ ಊರಲ್ಲಿ ಇರಲೇಬೇಕು. ನಡುವೆ ಸುಮಾರು ನಲವತ್ತು ದಿನ. ಅದರಲ್ಲಿ ಒಂದು ವಾರ, ಹತ್ತು ದಿನ ತೆಗೆಯಬಹುದು. ಆದರೆ ಆ ಕಡೆ ಜೂನ್‌ನಲ್ಲಿ ಮಳೆ ಹೇಗೆ? ಮಳೆ ನಮಗೆ ಹೊಸದಲ್ಲ, ಆಗುಂಬೆ ಪಕ್ಕದಲ್ಲೇ ಇದೆ. ಅಷ್ಟು ದೂರ ಹೋಗಿ ಕೊಡೆ ಹಿಡಿದುಕೊಂಡು ಕೂರುವುದು ಬೇಡ ಅಂತ ಅಷ್ಟೇ.

ಎರಡೂ ಕಡೆ ಆಡಿದವರು ಯಾರಾದರೂ ಇದ್ದೀರಾ?

ಕಾಫಿಹೂವು (ಕೊಪ್ಪ)

ನೋಡಿ ತಂಗಿ, ನಾನು ಎರಡೂ ಕಡೆ ಆಡಿದ್ದೇನೆ. ನಿಮ್ಮ ತಂದೆಯವರ ವಯಸ್ಸಿನವನೇ. ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ಈ ಸಲ ಫೈಫ್‌ಗೆ ಹೋಗಿ.

ಮೈದಾನಕ್ಕೆ ಹೆಸರಿದೆ ಅನ್ನುವುದಕ್ಕೆ ಹೇಳುತ್ತಿಲ್ಲ, ನೆಲ ನೋಡಿ ಹೇಳುತ್ತಿದ್ದೇನೆ. ನಾವು ಆಡಿ ಬೆಳೆದದ್ದು ಮಲೆನಾಡಿನ ಒದ್ದೆ ನೆಲದಲ್ಲಿ. ಮಳೆಗಾಲ ಮುಗಿದ ಮೇಲೂ ಎಷ್ಟೋ ದಿನ ಚೆಂಡು ಬಿದ್ದಲ್ಲೇ ಕೂರುತ್ತದೆ. ದೂರ ಬೇಕು ಅಂದರೆ ಗಾಳಿಯಲ್ಲೇ ಹಾರಿಸಬೇಕು. ವಯಸ್ಸಾದಂತೆ ಅದು ಆಗುವುದಿಲ್ಲ. ಲಿಂಕ್ಸ್ ಅಂದರೆ ಸಮುದ್ರಕ್ಕೂ ಹೊಲಗಳಿಗೂ ನಡುವೆ ಇರುವ ಮರಳು ನೆಲ. ಮಳೆ ಬಂದರೂ ನೀರು ಇಂಗಿ ಹೋಗುತ್ತದೆ. ಹುಲ್ಲು ಸಣ್ಣ, ನೆಲ ಗಟ್ಟಿ. ತಗ್ಗಾಗಿ ಹೊಡೆದ ಚೆಂಡು ಬಿದ್ದ ಮೇಲೂ ಓಡುತ್ತಲೇ ಇರುತ್ತದೆ. ನಿಮ್ಮ ತಂದೆ ನೇರ ಹೊಡೆಯುತ್ತಾರೆ, ಗ್ರೀನ್ ಹತ್ತಿರ ಕೈ ಚೆನ್ನಾಗಿದೆ ಅಂದಿರಲ್ಲ, ಅಂಥವರಿಗೆ ಹೇಳಿ ಮಾಡಿಸಿದ ಆಟ ಇದು. ಇಲ್ಲಿ ಕಳೆದುಕೊಂಡ ದೂರವನ್ನು ಅಲ್ಲಿನ ನೆಲ ವಾಪಸ್ ಕೊಡುತ್ತದೆ. ಗ್ರೀನ್‌ನಿಂದ ಮೂವತ್ತು ಗಜ ಹೊರಗೆ ನಿಂತು ಚೆಂಡು ಉರುಳಿಸುವ ಪಟರ್ ಹಿಡಿದರೂ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಅಲ್ಲಿನವರೂ ಹಾಗೇ ಆಡುತ್ತಾರೆ.

ಇದು ಎರಡೂ ಕಡೆಗೂ ನಿಜ. ವ್ಯತ್ಯಾಸ ಇರುವುದು ಮರಳು ದಿಬ್ಬಗಳಲ್ಲಿ. ಬ್ಯಾಲಿಬನಿಯನ್, ಲಹಿಂಚ್, ಟ್ರಲೀ ಇಲ್ಲೆಲ್ಲ ದಿಬ್ಬಗಳು ದೊಡ್ಡವು. ನೋಡಲು ಕಣ್ಣು ಸಾಲದು. ಆದರೆ ಹತ್ತಬೇಕು, ಇಳಿಯಬೇಕು, ಕಾಲು ಓರೆ ಇಟ್ಟು ನಿಂತು ಹೊಡೆಯಬೇಕು. ಕೆಲವು ಕಡೆ ಚೆಂಡನ್ನು ದಿಬ್ಬ ದಾಟಿಸದೆ ಬೇರೆ ದಾರಿಯೇ ಇಲ್ಲ. ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ದೂರದಿಂದ ನೋಡಿದರೆ ಸಪಾಟು. ಹತ್ತಿರ ಹೋದರೆ ನೆಲವೆಲ್ಲ ಸಣ್ಣ ಸಣ್ಣ ಉಬ್ಬು ತಗ್ಗು. ಆದರೆ ಕಾಲಿಗೆ ಭಾರ ಆಗುವ ಏರು ಇಲ್ಲ. ಬಹುತೇಕ ಗ್ರೀನ್‌ಗಳ ಮುಂದೆ ಚೆಂಡು ಉರುಳಿಸಿಕೊಂಡು ಹೋಗಲು ಜಾಗ ಇದೆ. ಮೊಣಕಾಲು ನೋವು ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಬಗ್ಗಿ (ಆಟಗಾರರು ಕೂತು ಹೋಗುವ ಸಣ್ಣ ಗಾಡಿ) ಕೊಡುವುದಿಲ್ಲ, ನಡೆದೇ ಆಡಬೇಕು. ಲಿಂಕ್ಸ್‌ಗಳಲ್ಲಿ ನಡೆಯುವುದೇ ರೂಢಿ. ವೈದ್ಯರ ಪತ್ರ ಇದ್ದರೆ ಕೆಲವು ಕ್ಲಬ್ಬುಗಳು ಬಗ್ಗಿ ಕೊಡುತ್ತವೆ, ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು.

ಮಳೆ ಕೇಳಿದಿರಿ. ಕೆರ್ರಿಯ ಕಡಲ ತುದಿಯಲ್ಲಿ ವ್ಯಾಲೆನ್ಷಿಯಾ ಅನ್ನುವ ಹಳೆಯ ಹವಾಮಾನ ಕೇಂದ್ರ ಇದೆ. ಅಲ್ಲಿ ವರ್ಷಕ್ಕೆ 1,500 ಮಿ.ಮೀ.ಗೂ ಜಾಸ್ತಿ ಮಳೆ. ಅಟ್ಲಾಂಟಿಕ್‌ನಿಂದ ಬರುವ ಮೋಡ ಮೊದಲು ಇಳಿಯುವುದೇ ಆ ಕರಾವಳಿಯಲ್ಲಿ. ಸೇಂಟ್ ಆಂಡ್ರ್ಯೂಸ್ ಪಕ್ಕದ ಲ್ಯೂಕರ್ಸ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ, ಸುಮಾರು 700 ಮಿ.ಮೀ. ಪಶ್ಚಿಮದ ಬೆಟ್ಟಗಳು ಮಳೆಯನ್ನು ಮೊದಲೇ ಹಿಡಿದುಕೊಳ್ಳುತ್ತವೆ. ಘಟ್ಟದ ಆಚೆ ಈಚೆ ಮಳೆ ಹೇಗೆ ಬದಲಾಗುತ್ತದೆ ಅನ್ನುವುದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕು ಇರುತ್ತದೆ. ಬೆಳಿಗ್ಗೆ ಮಳೆ ಬಂದರೂ ಸಂಜೆ ಊಟ ಮುಗಿಸಿ ಹೋಗಿ ಒಂಬತ್ತು ಹೋಲ್ (ಅರ್ಧ ಸುತ್ತು) ಆಡಬಹುದು.

ದೂರವನ್ನೂ ಲೆಕ್ಕ ಹಾಕಿ. ಸೇಂಟ್ ಆಂಡ್ರ್ಯೂಸ್‌ನಲ್ಲಿ ಮನೆ ಹಿಡಿದರೆ ಕ್ರೇಲ್ 16 ಕಿಲೋಮೀಟರ್, ಈಲೀ ಅದಕ್ಕಿಂತ ಸ್ವಲ್ಪ ಮುಂದೆ. ಟೇ ನದಿಯ ಸೇತುವೆ ದಾಟಿ ಡಂಡೀ ಮೇಲೆ ಹೋದರೆ ಕಾರ್ನೂಸ್ಟಿ ಕೂಡ ಒಂದು ಗಂಟೆ ಒಳಗೆ. ಆ ಕಡೆ ವಾಟರ್‌ವಿಲ್ ಮತ್ತು ಲಹಿಂಚ್ ಎರಡನ್ನೂ ಆಡಬೇಕು ಅಂದರೆ ಒಂದು ಇಡೀ ದಿನ ಕಾರಿನಲ್ಲೇ ಹೋಗುತ್ತದೆ. ಲಿಮರಿಕ್‌ನಿಂದ ಲಹಿಂಚ್ ಹತ್ತಿರ ನಿಜ, ಆದರೂ ಪ್ರತಿ ದಿನ ಬೆಳಿಗ್ಗೆ ಹೋಗಿ ಸಂಜೆ ಬರುವುದು. ಆಟ ಮುಗಿಸಿ ಮೊಣಕಾಲು ಮಡಚಿ ಕಾರಿನಲ್ಲಿ ಕೂತರೆ ಏನಾಗುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಇನ್ನು ಸಣ್ಣ ಮೈದಾನಗಳ ವಿಷಯ. ನನಗೆ ಫೈಫ್ ಇಷ್ಟ ಆಗುವುದೇ ಇವುಗಳಿಂದ. ಕ್ರೇಲ್‌ನ ಸೊಸೈಟಿ 1786ರಲ್ಲಿ ಶುರುವಾದದ್ದು, ಪ್ರಪಂಚದ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ಬುಗಳಲ್ಲಿ ಒಂದು. ಅಲ್ಲಿನ ಬಾಲ್ಕೋಮಿ ಮೈದಾನ ಉದ್ದ ಕಡಿಮೆ, ಸಮುದ್ರ ಮಾತ್ರ ಎಲ್ಲಿ ನಿಂತರೂ ಕಾಣುತ್ತದೆ. ಈಲೀಯಲ್ಲಿ ಮೊದಲ ಹೋಲ್ ಗುಡ್ಡದ ಆಚೆ ಇದೆ, ಮುಂದೆ ಆಡುವವರು ಕಾಣುವುದಿಲ್ಲ. ಅದಕ್ಕೆ ಸ್ಟಾರ್ಟರ್ (ಆಟಗಾರರನ್ನು ಸರದಿಯಲ್ಲಿ ಬಿಡುವವರು) ಕೂರುವ ಕೋಣೆಗೆ ಎಕ್ಸ್‌ಕ್ಯಾಲಿಬರ್ ಅನ್ನುವ ಜಲಾಂತರ್ಗಾಮಿಯ ಪೆರಿಸ್ಕೋಪ್ ತಂದು ಹಾಕಿದ್ದಾರೆ. ಅದರಲ್ಲಿ ನೋಡಿ, ದಾರಿ ಖಾಲಿ ಆದ ಮೇಲೆ ನಿಮ್ಮನ್ನು ಬಿಡುತ್ತಾರೆ. ನಿಮ್ಮ ತಂದೆಗೂ ಅದರಲ್ಲಿ ಒಮ್ಮೆ ನೋಡಲು ಕೇಳಿ, ಬೇಡ ಅನ್ನಲಿಕ್ಕಿಲ್ಲ. ಆ ಮೈದಾನದಲ್ಲಿ ಪಾರ್ 5, ಅಂದರೆ ಐದು ಹೊಡೆತದಲ್ಲಿ ಮುಗಿಸಬೇಕಾದ ಹೋಲ್, ಒಂದೂ ಇಲ್ಲ. ಹದಿನಾರು ಪಾರ್ 4, ಎರಡು ಪಾರ್ 3 ಅಷ್ಟೇ. ಓಪನ್ ಅನ್ನು ಐದು ಸಲ ಗೆದ್ದ ಜೇಮ್ಸ್ ಬ್ರೇಡ್ ಹುಟ್ಟಿದ್ದು ಆ ಊರಿಗೆ ಅಂಟಿಕೊಂಡಿರುವ ಅರ್ಲ್ಸ್‌ಫೆರಿಯಲ್ಲಿ.

ಲೀವನ್ ಮತ್ತು ಲಂಡಿನ್ ಅಂತ ಪಕ್ಕ ಪಕ್ಕದ ಎರಡು ಮೈದಾನ ಇವೆ. ಮೊದಲು ಎರಡೂ ಸೇರಿ ಒಂದೇ ಹದಿನೆಂಟು ಹೋಲ್‌ಗಳ ಮೈದಾನ ಆಗಿತ್ತು. ಜನ ಜಾಸ್ತಿ ಆದರು, 1909ರಲ್ಲಿ ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡ ಹಾಗೆ ನಡುವಿನ ಕಲ್ಲುಗೋಡೆಯ ಆಚೆ ಒಂಬತ್ತು, ಈಚೆ ಒಂಬತ್ತು ಅಂತ ಹಂಚಿಕೊಂಡರು. ಆಮೇಲೆ ಇಬ್ಬರೂ ತಮ್ಮ ತಮ್ಮ ಕಡೆ ಇನ್ನೊಂದು ಒಂಬತ್ತು ಕಟ್ಟಿಕೊಂಡರು. ಇಂಥ ಊರುಗಳಲ್ಲಿ ಆಡಿದರೆ ಅಲ್ಲಿನ ಗಾಲ್ಫ್ ಗೊತ್ತಾಗುತ್ತದೆ. ಸುಮ್ನೆ ದೊಡ್ಡ ಹೆಸರುಗಳ ಹಿಂದೆಯೇ ಓಡಿದರೆ ದುಡ್ಡೂ ಹೋಗುತ್ತದೆ, ಊರೂ ಕಾಣುವುದಿಲ್ಲ. ಓಲ್ಡ್ ಕೋರ್ಸ್‌ಗೆ ಬೇಸಿಗೆಯಲ್ಲಿ ಒಬ್ಬರಿಗೆ 300 ಪೌಂಡ್‌ಗೂ ಜಾಸ್ತಿ. ಈ ಸಣ್ಣವುಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ.

ಒಂದು ಎಚ್ಚರಿಕೆ. 2027ರ ಜುಲೈಯಲ್ಲಿ ಓಪನ್ ಸೇಂಟ್ ಆಂಡ್ರ್ಯೂಸ್‌ನಲ್ಲೇ. ಆ ವರ್ಷದ ಜೂನ್ ಇಟ್ಟುಕೊಳ್ಳಬೇಡಿ. ಊರು ತುಂಬಾ ಗ್ಯಾಲರಿ ಕಟ್ಟುವ ಕೆಲಸ, ಕೋಣೆ ಬಾಡಿಗೆ ಕೈಗೆ ಸಿಗುವುದಿಲ್ಲ.

ಹಿನ್ನೀರು (ಸಾಗರ)

ಕೊಪ್ಪದ ಅಣ್ಣನ ಮಾತನ್ನು ಗೌರವದಿಂದಲೇ ಓದಿದೆ. ಆದರೂ ಐರ್ಲೆಂಡ್ ಪರ ಯಾರಾದರೂ ಮಾತಾಡಬೇಕು ಮಾರಾಯ್ರೆ.

ನಾನು ಲಹಿಂಚ್‌ನಲ್ಲಿ ಆಡಿದವನು. ಅಲ್ಲಿಯ ಐದನೇ ಹೋಲ್‌ಗೆ ಡೆಲ್ ಅಂತ ಹೆಸರು. ಪಾರ್ 3. ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ನಿಂತರೆ ಗ್ರೀನ್ ಕಾಣುವುದೇ ಇಲ್ಲ, ಎದುರಿಗೆ ದಿಬ್ಬ ಮಾತ್ರ. ದಿಬ್ಬದ ಮೇಲೆ ಒಂದು ಬಿಳಿ ಕಲ್ಲು ಇಟ್ಟಿರುತ್ತಾರೆ. ಆ ದಿನ ಬಾವುಟ ಎಲ್ಲಿದೆಯೋ ಅದರ ನೇರಕ್ಕೆ ಕಲ್ಲನ್ನೂ ಸರಿಸುತ್ತಾರೆ. ಕಲ್ಲು ನೋಡಿ ಹೊಡೆಯಬೇಕು, ದಿಬ್ಬ ಸುತ್ತಿಕೊಂಡು ಓಡಿಹೋಗಿ ನೋಡಬೇಕು. ಚೆಂಡು ಎಲ್ಲಿದೆಯೋ ಅನ್ನುವ ಆ ಅರ್ಧ ನಿಮಿಷದ ಕಾತರ ನನಗೆ ಬೇರೆ ಯಾವ ಮೈದಾನದಲ್ಲೂ ಸಿಕ್ಕಿಲ್ಲ. ಅದರ ಹಿಂದಿನ ನಾಲ್ಕನೇ ಹೋಲ್ ಕ್ಲಾಂಡೈಕ್‌ನಲ್ಲೂ ಅಡ್ಡಕ್ಕೆ ದೊಡ್ಡ ದಿಬ್ಬ. ಕ್ಲಬ್ ಶುರುವಾದದ್ದು 1892ರಲ್ಲಿ. ಓಲ್ಡ್ ಟಾಮ್ ಮಾರಿಸ್ ಬಂದು ತಿದ್ದಿದರು, ಆಮೇಲೆ 1927ರಲ್ಲಿ ಅಲಿಸ್ಟರ್ ಮೆಕೆಂಜಿ ಬದಲಾಯಿಸಿದರು. ಈ ಎರಡು ಹೋಲ್‌ಗಳನ್ನು ಮಾತ್ರ ಹಳೆಯ ರೀತಿಯಲ್ಲೇ ಬಿಟ್ಟರು. 2019ರಲ್ಲಿ ಐರಿಷ್ ಓಪನ್ ಇಲ್ಲೇ ನಡೆದು ಜಾನ್ ರಾಮ್ ಗೆದ್ದರು. 2026ರ ವಾಕರ್ ಕಪ್‌ಗೆ (ಅಮೆರಿಕ ಮತ್ತು ಬ್ರಿಟನ್–ಐರ್ಲೆಂಡ್ ಹವ್ಯಾಸಿ ತಂಡಗಳ ಪಂದ್ಯ) ಆರಿಸಿದ್ದೂ ಇದನ್ನೇ.

ಅಲ್ಲಿ ಆಡುಗಳು ಇವೆ. ಆಡುಗಳು ಕ್ಲಬ್‌ಹೌಸ್ ಹತ್ತಿರ ಬಂದು ನಿಂತರೆ ಮಳೆ ಬರುತ್ತದೆ, ದೂರದ ದಿಬ್ಬಗಳಲ್ಲಿ ಮೇಯುತ್ತಿದ್ದರೆ ದಿನ ಚೆನ್ನಾಗಿರುತ್ತದೆ ಅಂತ ಊರವರ ನಂಬಿಕೆ. ಕ್ಲಬ್ಬಿನ ಲಾಂಛನದಲ್ಲೂ ಆಡೇ ಇದೆ.

ಬ್ಯಾಲಿಬನಿಯನ್ ಇನ್ನೊಂದು ಥರ. ಮೊದಲ ಟೀ ಬಲಗಡೆ ಹಳೆಯ ಸ್ಮಶಾನ. ಮುಂದೆ ಹೋದಂತೆ ಅಟ್ಲಾಂಟಿಕ್ ಪಕ್ಕದಲ್ಲೇ ಬರುತ್ತದೆ. ಹನ್ನೊಂದನೇ ಹೋಲ್ ಕಡಲ ಅಂಚಿನಲ್ಲೇ ಸಾಗುತ್ತದೆ. ಲಹಿಂಚ್‌ನಿಂದ ಹೋಗುವಾಗ ರಸ್ತೆ ಸುತ್ತು ಹೊಡೆಯುವುದು ಬೇಡ, ಶಾನನ್ ನದಿಯನ್ನು ಕಿಲ್ಲಿಮರ್‌ನಿಂದ ಟಾರ್ಬರ್ಟ್‌ಗೆ ಕಾರು ಸಮೇತ ಲಾಂಚ್‌ನಲ್ಲಿ ದಾಟಬಹುದು. ಇಪ್ಪತ್ತು ನಿಮಿಷ. ಹೊಳೆಬಾಗಿಲಿನಿಂದ ಸಿಗಂದೂರಿಗೆ ಲಾಂಚ್‌ನಲ್ಲಿ ಓಡಾಡಿದ ನಮ್ಮೂರಿನವರಿಗೆ ಅದು ಮನೆಯ ನೆನಪು ತರುತ್ತದೆ.

ಮೊಣಕಾಲಿನ ವಿಷಯದಲ್ಲಿ ಅಣ್ಣ ಹೇಳಿದ್ದು ಸರಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಗಳು, ಅಳಿಯನ ಮನೆ ಅಲ್ಲೇ ಇದೆ ತಂಗಿ. ಎಪ್ಪತ್ತರ ಹತ್ತಿರದ ತಂದೆ ಅಷ್ಟು ದೂರ ಹೋಗಿ ದೊಡ್ಡ ಮಗಳ ಮನೆಗೆ ಹೋಗದೆ ಬಂದರೆ ಅಕ್ಕನಿಗೆ ಹೇಗನ್ನಿಸುತ್ತದೆ? ಗಾಲ್ಫ್ ಒಂದೇ ನೋಡಬೇಡಿ.

ಟೇ ದಂಡೆ (ಊರು ಶಿವಮೊಗ್ಗ, ಸದ್ಯ ಡಂಡೀ)

ನಾನು ಗಾಲ್ಫ್ ಆಡುವುದಿಲ್ಲ. ನಮ್ಮವರು ಆಡುತ್ತಾರೆ, ನಾನು ಜೊತೆಗೆ ನಡೆಯುತ್ತೇನೆ. ಅಂಕಲ್‌ಗೆ ಉಪಯೋಗ ಆಗಬಹುದು ಅಂತ ಇಲ್ಲಿನ ಕೆಲವು ವಿಷಯ ಬರೆಯುತ್ತಿದ್ದೇನೆ.

ಓಲ್ಡ್ ಕೋರ್ಸ್ ಭಾನುವಾರ ಆಟಕ್ಕೆ ಮುಚ್ಚಿರುತ್ತದೆ. ದೊಡ್ಡ ಟೂರ್ನಿ ಇದ್ದಾಗ ಮಾತ್ರ ಬೇರೆ. ಅವತ್ತು ಅದು ಊರಿನ ಪಾರ್ಕ್. ಮಕ್ಕಳು, ನಾಯಿಗಳು, ಅಜ್ಜ ಅಜ್ಜಿಯರು ಎಲ್ಲರೂ ನಡೆಯುತ್ತಾರೆ. ಟಿಕೆಟ್ ಇಲ್ಲ. ನೀವು ಶನಿವಾರ ಬಂದು ಇಳಿಯುವ ಹಾಗೆ ಟಿಕೆಟ್ ಮಾಡಿಸಿ. ಭಾನುವಾರ ಅಂಕಲ್ ಜೊತೆ ಇಡೀ ಮೈದಾನ ನಿಧಾನವಾಗಿ ನಡೆದು ನೋಡಿ. ಸ್ವಿಲ್ಕನ್ ಸೇತುವೆ ಮೇಲೆ ನಿಂತು ಫೋಟೋ ತೆಗೆಸಿ, ಹದಿನಾಲ್ಕನೇ ಹೋಲ್‌ನ ಹೆಲ್ ಬಂಕರ್ (ಮರಳಿನ ಗುಂಡಿ) ಎಷ್ಟು ಆಳ ಅಂತ ನೋಡಿ. ಯಾವ ಉಬ್ಬು ಎಲ್ಲಿದೆ ಅಂತ ಕಾಲಿಗೆ ಗೊತ್ತಾದ ಮೇಲೆ ಆಡಿದರೆ ಖುಷಿ ಜಾಸ್ತಿ.

ಆಡಲು ಬ್ಯಾಲಟ್, ಅಂದರೆ ಚೀಟಿ ಎತ್ತುವ ಪದ್ಧತಿ ಇದೆ. ಆಡುವ ದಿನಕ್ಕೆ ಎರಡು ದಿನ ಮುಂಚೆ ಮಧ್ಯಾಹ್ನ ಎರಡರ ಒಳಗೆ ಹೆಸರು ಕೊಡಬೇಕು. ಕಡಿಮೆ ಅಂದರೆ ಇಬ್ಬರು, ಜಾಸ್ತಿ ಅಂದರೆ ನಾಲ್ವರು. ಅದೇ ದಿನ ಸಂಜೆ ಹೊತ್ತಿಗೆ ಬಂತೋ ಇಲ್ಲವೋ ತಿಳಿಯುತ್ತದೆ. ಭಾನುವಾರ ಆಟ ಇಲ್ಲದ್ದರಿಂದ ಸೋಮವಾರಕ್ಕೆ ಶನಿವಾರವೇ ಹೆಸರು ಕೊಡಿ. ಸಿಗದಿದ್ದರೆ ಮರುದಿನಕ್ಕೆ ಮತ್ತೆ ಕೊಡಿ, ವಾರ ಪೂರ್ತಿ ಕೊಡುತ್ತಲೇ ಇರಬಹುದು. ಅದಕ್ಕೇ ಒಂದೇ ಊರಲ್ಲಿ ವಾರ ಉಳಿಯುವುದು ಒಳ್ಳೆಯದು. ಇಬ್ಬರದೂ ಕ್ಲಬ್ಬಿನ ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ) ಪತ್ರ ಮರೆಯಬೇಡಿ, ಕೇಳುತ್ತಾರೆ. ಇನ್ನೊಂದು, ಅಲ್ಲಿ ಓಲ್ಡ್ ಒಂದೇ ಅಲ್ಲ. ನ್ಯೂ, ಜುಬಿಲಿ, ಈಡನ್, ಸ್ಟ್ರಾತೈರಮ್ ಎಲ್ಲ ಒಂದೇ ಟ್ರಸ್ಟ್‌ನವು, ಅಕ್ಕಪಕ್ಕದಲ್ಲೇ ಇವೆ. ನ್ಯೂ ಅನ್ನುವುದು ಹೆಸರಿಗೆ ಮಾತ್ರ ಹೊಸದು, 1895ರದು. ಬಾಲ್ಗೋವ್ ಅಂತ ಒಂಬತ್ತು ಹೋಲ್‌ಗಳ ಪುಟ್ಟದೂ ಇದೆ. ಬಂದ ದಿನ ಕೈ ಬಿಡಿಸಿಕೊಳ್ಳಲು ಅದು ಸಾಕು.

ಜೂನ್‌ನಲ್ಲಿ ಹಾರ್ ಬರುತ್ತದೆ. ಸಮುದ್ರದ ಕಡೆಯಿಂದ ಬರುವ ತಣ್ಣನೆಯ ಮಂಜು. ಬಿಸಿಲು ಇದ್ದದ್ದು ಹತ್ತು ನಿಮಿಷದಲ್ಲಿ ಮುಚ್ಚಿಹೋಗುತ್ತದೆ. ಮಳೆ ಕಡಿಮೆ ಅಂತ ಸ್ವೆಟರ್ ಬಿಟ್ಟು ಬರಬೇಡಿ. ಗಾಳಿಗೆ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಎರಡೂ ಬೇಕು.

ಉಳಿಯಲು: ಅಲ್ಲಿನ ವಿಶ್ವವಿದ್ಯಾಲಯ 1413ರದು, ಊರಿನ ಅರ್ಧ ಅದೇ. ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ಹೋಟೆಲ್‌ಗಿಂತ ಎಷ್ಟೋ ವಾಸಿ. ಕಾರು ಬೇಡ ಅಂದರೆ ಎಡಿನ್‌ಬರೊದಿಂದ ಲ್ಯೂಕರ್ಸ್‌ವರೆಗೆ ರೈಲು, ಅಲ್ಲಿಂದ 99ನೇ ನಂಬರ್ ಬಸ್. ಲೀವನ್‌ಗೆ 2024ರಲ್ಲಿ ಮತ್ತೆ ರೈಲು ಶುರುವಾಗಿದೆ. ಅನ್ನ, ಸಾರು ಬೇಕಾದರೆ ಒಂದು ದಿನ ನಮ್ಮ ಮನೆಗೆ ಬನ್ನಿ, ಡಂಡೀ ದೂರ ಏನಲ್ಲ.

ಸೊಪ್ಪಿನಬೆಟ್ಟ (ಹೊಸನಗರ)

ವೀಸಾ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬ್ರಿಟನ್ ಬೇರೆ ದೇಶ, ಐರ್ಲೆಂಡ್ ಬೇರೆ ದೇಶ. ಐರ್ಲೆಂಡ್ ಷೆಂಗೆನ್‌ನಲ್ಲೂ (ಯುರೋಪಿನ ಹಲವು ದೇಶಗಳ ಒಂದೇ ವೀಸಾ ವ್ಯವಸ್ಥೆ) ಇಲ್ಲ. ಆದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟಿಷ್–ಐರಿಷ್ ವೀಸಾ ಯೋಜನೆ ಅಂತ ಇದೆ, 2015ರಿಂದ. ಆ ಯೋಜನೆಯಡಿ ಕೊಟ್ಟ ಒಂದೇ ವೀಸಾದಲ್ಲಿ ಎರಡೂ ಕಡೆ ಹೋಗಬಹುದು. ವೀಸಾ ಕೊಟ್ಟ ದೇಶಕ್ಕೇ ಮೊದಲು ಇಳಿಯಬೇಕು. ಅಂದರೆ ಬ್ರಿಟನ್ ವೀಸಾ ಆದರೆ ಮೊದಲು ಸ್ಕಾಟ್ಲೆಂಡ್, ಆಮೇಲೆ ಅಕ್ಕನ ಮನೆ. ಅರ್ಜಿ ಹಾಕುವ ದಿನ ಈಗಿನ ನಿಯಮ ಒಮ್ಮೆ ಓದಿಕೊಳ್ಳಿ.

ಎರಡೂ ಕಡೆ ನಮ್ಮಂತೆಯೇ ರಸ್ತೆಯ ಎಡಗಡೆ ಓಡಿಸುವುದು. ನಮ್ಮ ಲೈಸೆನ್ಸ್ ನಡೆಯುತ್ತದೆ. ಆದರೂ ಶಿವಮೊಗ್ಗ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ, ಕಾರು ಬಾಡಿಗೆಗೆ ಕೊಡುವವರು ಕೇಳಬಹುದು. ಸೋಗಾನೆಯಿಂದ ಬೆಂಗಳೂರಿಗೆ ವಿಮಾನ ಹಿಡಿಯುವುದಾದರೆ ಗಾಲ್ಫ್ ಚೀಲದ ತೂಕ ಮೊದಲೇ ವಿಚಾರಿಸಿ. ಸಣ್ಣ ವಿಮಾನ, ಲಗೇಜ್ ಮಿತಿಯೂ ಕಡಿಮೆ. ನಾನಾದರೆ ಚೀಲದ ಜೊತೆ ರಾತ್ರಿ ರೈಲಿಗೇ ಹೋಗುತ್ತೇನೆ.

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರಗಳನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಪೆರಿಸ್ಕೋಪ್ ವಿಷಯವನ್ನು ಮತ್ತೆ ಓದಿಸಿದರು.

ಕೊಪ್ಪದ ಅಣ್ಣ, ಒಂದು ಸಂಶಯ. ಅಪ್ಪಯ್ಯ ಗಾಳಿಯಲ್ಲಿ ಆಡಿಯೇ ಇಲ್ಲ. ನಮ್ಮ ಕಡೆ ಸುತ್ತ ಸಿಲ್ವರ್ ಓಕ್ ಮರ, ಗಾಳಿ ನೆಲಕ್ಕೆ ಇಳಿಯುವುದೇ ಇಲ್ಲ. ಅಲ್ಲಿ ಹೋದ ಮೇಲೆ ಕಷ್ಟ ಆಗುವುದಿಲ್ಲವಾ? ಹಿನ್ನೀರು ಅಣ್ಣ, ಅಕ್ಕನ ವಿಷಯ ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಎರಡೂ ಕಡೆ ಸ್ವಲ್ಪ ಸ್ವಲ್ಪ ಆಡಿದರೆ ಹೇಗೆ?

ಕಾಫಿಹೂವು (ಕೊಪ್ಪ)

ಎರಡೂ ಕಡೆ ಆಡುವುದು ಬೇಡ. ಹತ್ತು ದಿನದಲ್ಲಿ ಎರಡು ದೇಶ, ಎರಡು ಸಲ ಚೀಲ ಕಟ್ಟುವುದು, ನಡುವೆ ಇನ್ನೊಂದು ವಿಮಾನ. ಲಿಂಕ್ಸ್ ಮೊದಲ ದಿನವೇ ಕೈಗೆ ಹತ್ತುವುದಿಲ್ಲ. ಚೆಂಡು ಎಷ್ಟು ಓಡುತ್ತದೆ, ಗಾಳಿಗೆ ಯಾವ ಕ್ಲಬ್ (ಹೊಡೆಯುವ ಕೋಲು) ಹಿಡಿಯಬೇಕು ಅನ್ನುವುದು ಮೂರನೇ ನಾಲ್ಕನೇ ಸುತ್ತಿಗೆ ಅರ್ಥ ಆಗಲು ಶುರುವಾಗುತ್ತದೆ. ಆ ಹೊತ್ತಿಗೆ ಊರು ಬದಲಾಯಿಸಬೇಡಿ. ಅಕ್ಕನ ಮನೆಗೆ ಹೋಗಲೇಬೇಕು, ಸಾಗರದವರು ಹೇಳಿದ್ದು ನೂರಕ್ಕೆ ನೂರು ಸರಿ. ಹೋಗುವಾಗ ಮಗಳ ಮನೆಗೆ ಅಂತಲೇ ಹೋಗಿ. ಆಗ ಮೊಣಕಾಲಿಗೂ ವಿಶ್ರಾಂತಿ.

ಗಾಳಿಗೆ ಹೆದರಬೇಡಿ. ಚೆಂಡು ಮೇಲೆ ಹೋದರೆ ಮಾತ್ರ ಗಾಳಿ ಅದನ್ನು ಹಿಡಿಯುತ್ತದೆ. ಜೋರಾಗಿ ಹೊಡೆದಷ್ಟೂ ಚೆಂಡು ಜಾಸ್ತಿ ತಿರುಗಿ ಮೇಲಕ್ಕೆ ಏಳುತ್ತದೆ. ಅದಕ್ಕೇ ಎದುರು ಗಾಳಿಗೆ ಒಂದೋ ಎರಡೋ ದೊಡ್ಡ ಕ್ಲಬ್ ಹಿಡಿದು ನಿಧಾನವಾಗಿ ಹೊಡೆಯಬೇಕು. ಎಪ್ಪತ್ತರ ಹತ್ತಿರದವರು ಹೇಗೂ ನಿಧಾನವಾಗಿಯೇ ಹೊಡೆಯುತ್ತಾರೆ, ಮೂವತ್ತರವರಿಗೆ ಇದು ಕಲಿಸುವುದೇ ಕಷ್ಟ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ನೆಲವೂ ಒಣಗಿ ಗಟ್ಟಿ ಆಗಿರುತ್ತದೆ. ಆಗ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ. ಏಳನೇ ಐರನ್ (ಮಧ್ಯಮ ದೂರದ ಕ್ಲಬ್) ಹಿಡಿಸಿ, ಚೆಂಡನ್ನು ಹಿಂಗಾಲಿನ ಕಡೆ ಇಟ್ಟುಕೊಂಡು, ಅರ್ಧ ಸ್ವಿಂಗ್‌ನಲ್ಲಿ ತಗ್ಗಾಗಿ ಹೊಡೆದು ಗ್ರೀನ್‌ವರೆಗೆ ಓಡಿಸುವುದನ್ನು ಮಾಡಿಸಿ. ಚೆಂಡನ್ನು ಎತ್ತರಕ್ಕೆ ಹಾರಿಸುವ ವೆಜ್ ಚೀಲದಲ್ಲೇ ಇರಲಿ.

ಓಲ್ಡ್ ಕೋ‌ರ್ಸ್‌ನಲ್ಲಿ ಸಂಶಯ ಬಂದಾಗ ಎಡಕ್ಕೆ ಹೊಡೆಯಲು ಹೇಳಿ. ಬಲಗಡೆ ಗಡಿ, ಗಿಡಗಂಟಿ, ಅಲ್ಲಲ್ಲಿ ರಸ್ತೆ. ಎಡಗಡೆ ಪಕ್ಕದ ಹೋಲ್‌ನ ಫೇರ್‌ವೇ (ಹುಲ್ಲು ಸಣ್ಣಗೆ ಕತ್ತರಿಸಿದ ಆಟದ ದಾರಿ) ಸಿಗುತ್ತದೆ. ಮೊದಲ ಟೀ ಮುಂದೆ ಒಂದು ಮತ್ತು ಹದಿನೆಂಟು ಎರಡೂ ಸೇರಿದ ಅಗಲವಾದ ಬಯಲು, ಬಂಕರ್ ಒಂದೂ ಇಲ್ಲ. ಕೈ ನಡುಗಿದರೂ ಚೆಂಡು ಕಳೆಯುವುದಿಲ್ಲ. ಅವತ್ತು ಒಬ್ಬ ಕ್ಯಾಡಿಯನ್ನು (ಚೀಲ ಹೊತ್ತು ದಾರಿ ಹೇಳುವವರು) ಖಂಡಿತ ತೆಗೆದುಕೊಳ್ಳಿ. ಅಲ್ಲಿ 112 ಬಂಕರ್ ಇವೆ, ಎಷ್ಟೋ ಬಂಕರ್ ಟೀ ಮೇಲಿಂದ ಕಾಣುವುದೇ ಇಲ್ಲ. ಬೇರೆ ಕಡೆ ಉಳಿಸಿ, ಇಲ್ಲಿ ಖರ್ಚು ಮಾಡಿ.

ಹಿನ್ನೀರು (ಸಾಗರ)

ಒಂದೇ ಊರಲ್ಲಿ ಇರಿ ಅನ್ನುವ ಮಾತು ಒಪ್ಪುತ್ತೇನೆ. ಹಾಗಾದರೆ ಒಂದು ಕೆಲಸ ಮಾಡಿ ತಂಗಿ. ಅಕ್ಕ, ಭಾವನನ್ನೇ ಫೈಫ್‌ಗೆ ಕರೆಯಿರಿ. ಡಬ್ಲಿನ್‌ನಿಂದ ಎಡಿನ್‌ಬರೊಗೆ ವಿಮಾನದಲ್ಲಿ ಒಂದು ಗಂಟೆಯ ದಾರಿ. ಕೇಳಿ ನೋಡಿ.

ತುಂಗಾತೀರ (ತೀರ್ಥಹಳ್ಳಿ)

ಹಿನ್ನೀರು ಅಣ್ಣ, ನೀವು ಹೇಳಿದ ರಾತ್ರಿಯೇ ಫೋನ್ ಮಾಡಿದೆ. ಅಕ್ಕ ತಕ್ಷಣ ಒಪ್ಪಿದಳು. ಭಾವ ಮಾತ್ರ ಸ್ವಲ್ಪ ಹೊತ್ತು ಲಹಿಂಚ್ ಬಗ್ಗೆಯೇ ಹೇಳಿದರು. ಆಮೇಲೆ ಅಪ್ಪಯ್ಯನೇ ಫೋನ್ ತೆಗೆದುಕೊಂಡು ಮೊಣಕಾಲಿನ ವಿಷಯ ಹೇಳಿದರು. ಅವರು ಅದನ್ನು ಬಾಯಿ ಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು. ಭಾವ ಮರುಮಾತಾಡದೆ ಸರಿ ಅಂದರು. ಕಾರ್ನೂಸ್ಟಿ ಒಂದು ದಿನ ಸೇರಿಸಬೇಕು ಅನ್ನುವುದೊಂದೇ ಅವರ ಬೇಡಿಕೆ. ಬ್ಯಾರಿ ಬರ್ನ್ ಹಳ್ಳ ದಾಟುವ ಕೊನೆಯ ಹೋಲ್‌ಗಳನ್ನು ಆಡಲೇಬೇಕಂತೆ. 1999ರಲ್ಲಿ ಫ್ರಾನ್ಸಿನ ವಾನ್ ಡ ವೆಲ್ಡ್ ನೀರಿಗೆ ಇಳಿದ ಜಾಗ. ಅವತ್ತು ಅಪ್ಪಯ್ಯ ಆಡುವುದಿಲ್ಲ, ಡಂಡೀ ಅಕ್ಕನ ಮನೆಯ ಅನ್ನ ಸಾರಿಗೆ ಹೋಗುತ್ತಾರೆ. ಹೇಳದೆ ಬರುವುದಿಲ್ಲ, ಮೊದಲೇ ಫೋನ್ ಮಾಡುತ್ತೇವೆ.

ಅವರಿಬ್ಬರದು ಐರಿಷ್ ಪಾಸ್‌ಪೋರ್ಟ್, ಹಾಗಾಗಿ ವೀಸಾ ತಲೆನೋವು ಇಲ್ಲ. ವಾಪಸ್ ಬರುವಾಗ ನಾವೂ ಅವರ ಜೊತೆ ಲಿಮರಿಕ್‌ಗೆ ಹೋಗಿ ಉಳಿದು ಊರಿಗೆ ಬರುತ್ತೇವೆ. ಹೊಸನಗರದವರು ಹೇಳಿದ ಯೋಜನೆಯಲ್ಲೇ ವೀಸಾಕ್ಕೆ ಹಾಕುತ್ತಿದ್ದೇನೆ.

ಈಗ ಈಲೀ, ಕ್ರೇಲ್, ಲೀವನ್ ಮೂರಕ್ಕೂ ಟೀ ಟೈಮ್ (ಆಟ ಶುರು ಮಾಡುವ ಸಮಯ) ಕೇಳಿ ಬರೆದಿದ್ದೇನೆ. ಈಲೀಯವರ ಉತ್ತರ ಬಂದಿದೆ. ಓಲ್ಡ್ ಕೋರ್ಸ್‌ಗೆ ಅಪ್ಪಯ್ಯ, ಭಾವ, ನಾನು ಮೂವರೂ ಸೇರಿ ಬ್ಯಾಲಟ್ ಹಾಕುತ್ತೇವೆ. ಹ್ಯಾಂಡಿಕ್ಯಾಪ್ ಪತ್ರಕ್ಕೆ ಅಪ್ಪಯ್ಯ ನಾಳೆಯೇ ಚಿಕ್ಕಮಗಳೂರಿಗೆ ಹೊರಟಿದ್ದಾರೆ. ಏಳನೇ ಐರನ್ ಆಗಲೇ ಕಾರಿನಲ್ಲಿದೆ.